ಓಬಳಪ್ಪನ ಈಜುಕಟ್ಟೆ

"ಇವನಿಗೆ ಹಾಕ್ರಪ್ಪ ಅತ್ಲಾಗೆ. ಇವನತ್ರ ಕಳಕೊಳ್ಳಾಕೆ ಏನೈತೆ? ಓದು ಅರ್ಧಕ್ಕೆ ಬಿಟ್ಟ, ಮೀಸೆ ಅರ್ಧ ಬಂದೈತೆ, ಬುದ್ಧಿ ಇನ್ನೂ ದಾರೀಲೈತೆ" ಎಂದು ಹಿಟ್ಟಿನ ಗಿರಣಿಯ ರುದ್ರಮುನಿ ಅಂದಾಗ ನಾನು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದೆ. ಅದು ನಮ್ಮ ಚಿಕ್ಕಪ್ಪ ಓಬಳಪ್ಪನ ತಿಥಿಯ ಊಟ. ಸತ್ತವನ ಮನೆ ಅಂತಲೂ ನೋಡದೆ ಎಲೆಯ ಮುಂದೆ ಕೂತವರೆಲ್ಲ ನಕ್ಕರು. ಒಬ್ಬನಿಗಂತೂ ನೆತ್ತಿಗೆ ಹತ್ತಿತು. ಕೈಯಲ್ಲಿದ್ದ ಬಕೀಟನ್ನು ರುದ್ರಮುನಿಯ ತಲೆಯ ಮೇಲೆ ಬೋರಲು ಹಾಕದೆ ಬಿಟ್ಟದ್ದಕ್ಕೆ ಕಾರಣ ಒಂದೇ. ಸಾರು ಮಾಡಿದವಳು ಚಿಕ್ಕಮ್ಮ, ಅತ್ತುಕೊಂಡೇ ಮಾಡಿದ್ದಳು.

ಮಾತು ನಡೆದಿದ್ದದ್ದು ಈಜುಕಟ್ಟೆಯ ಏರಿಯ ಬಗ್ಗೆ. ಚಿಕ್ಕಪ್ಪ ಹೋದ ಮೇಲೆ ಆ ಏರಿ ಯಾರದೂ ಆಗಿರಲಿಲ್ಲ. ಅದರ ಕೆಳಗೆ ಭಟ್ಟಿ ಬೀದಿ ಇದೆ. ಮಂಡಕ್ಕಿ ಹುರಿಯುವವರ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿರುವ ಬೀದಿ. ಚಿಕ್ಕಪ್ಪನನ್ನು ಮಣ್ಣು ಮಾಡಿದಾಗಿನಿಂದ ಆ ಬೀದಿಯವರು ಕಣ್ಣು ತುಂಬ ಮಲಗಿರಲಿಲ್ಲ. ಅವರ ಪರವಾಗಿ ಬಂದಿದ್ದ ಜೈಬುನ್ನಮ್ಮ ಊಟಕ್ಕೂ ಕೂರದೆ ಬಾಗಿಲಲ್ಲಿ ನಿಂತು ಕೇಳಿದ್ದು ಇಷ್ಟೇ: "ಏರಿ ಯಾರದು ಈಗ? ನಾಳೆ ಬೆಳಗ್ಗೆ ನಾನು ಯಾರ ಕೈ ಮುಟ್ಟಿ ಒಲೆ ಹಚ್ಚಲಿ?" ಅಷ್ಟು ಜನರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಉಪ್ಪಿನಕಾಯಿಯನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲದವರ ಹಾಗೆ ಅದನ್ನೇ ನೋಡುತ್ತಾ ಕೂತರು. ಆಗಲೇ ರುದ್ರಮುನಿ ನನ್ನ ಕಡೆ ಎಂಜಲು ಬೆರಳು ತೋರಿಸಿದ್ದು.

ಚಿಕ್ಕಪ್ಪನಿಗೆ ಸೈಕಲ್ ಶಾಪು ಇತ್ತು. ನಾನು ಶಾಲೆ ಬಿಟ್ಟು ಬಂದಾಗ ಯಾಕೆ ಬಿಟ್ಟೆ ಎಂದು ಕೇಳದೆ ಕೈಗೆ ಪಂಪು ಕೊಟ್ಟ ಮನುಷ್ಯ ಅವನು. ಚಿಕ್ಕಂದಿನಲ್ಲಿ ಅವನಿಗೆ ಈಜುವ ಆಸೆ ವಿಪರೀತ ಇತ್ತಂತೆ, ನಮ್ಮೂರಲ್ಲಿ ಮೊಣಕಾಲು ಮುಳುಗುವಷ್ಟು ನೀರು ಎಲ್ಲೂ ಇರಲಿಲ್ಲವಂತೆ. ಬೋರಲು ಮಲಗಿ ಮರಳಲ್ಲಿ ಕೈ ಬಡಿದು ಈಜು ಕಲಿತವನು ಅವನೊಬ್ಬನೇ ಇರಬೇಕು. ದುಡಿದು ನಿಂತ ಮೇಲೆ ತನ್ನ ಕಲ್ಲು ಹೊಲದ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿಸಿದ. ಕತ್ತೆಗಳ ಮೇಲೆ ಮಣ್ಣು ಹೊರಿಸಿದ, ಎಮ್ಮೆಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ತುಳಿಸಿದ. ಒಂದು ಕಡೆ ಹೆಚ್ಚಿನ ನೀರು ಹೊರಗೆ ಹೋಗಲು ಕೋಡಿ, ತಳದಲ್ಲಿ ಬೇಕಾದಾಗ ನೀರು ಬಿಡಲು ಗೂಟ ಜಡಿದ ಕಲ್ಲಿನ ತೂಬು. ಬೆಳೆಗಾ ಎಂದು ಜನ ಕೇಳಿದರೆ ಅಲ್ಲ ಅಂದ. ಕುಡಿಯೋಕಾ ಎಂದರೂ ಅಲ್ಲ ಅಂದ. ಮತ್ತೆ ಯಾತಕ್ಕಪ್ಪಾ ಅಂದರೆ, "ಬೀಳಾಕೆ" ಅಂದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಮಳೆಗೆ ಕಟ್ಟೆ ತುಂಬಿದಾಗ ನಕ್ಕವರೇ ಮೊದಲು ಬಿದ್ದರು.

ನಮ್ಮೂರಲ್ಲಿ ಏರಿ ಯಾರದು ಎಂದು ಯಾರಾದರೂ ಕೇಳಿದಾಗ, ಜನರ ಮುಂದೆ "ನಂದು" ಅಂದವನದ್ದೇ ಏರಿ. ಪತ್ರ, ಸಹಿ, ಮುದ್ರೆ ಯಾವುದೂ ಬೇಕಿಲ್ಲ. ಅಂದ ಗಳಿಗೆಯಿಂದ ಅದು ಅವನ ಮೈಯಲ್ಲಿ ಇರುತ್ತದೆ. ಚಿಕ್ಕಪ್ಪ ಅಂಗಡಿಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದವನು ಇದ್ದಕ್ಕಿದ್ದಂತೆ ಬೆನ್ನು ಸೆಟೆಸಿ, "ಲೋ ತಿಪ್ಪೇಶಿ, ಯಾರ್ದೋ ಎಮ್ಮೆ ಏರಿ ಹತ್ತೈತೆ, ಓಡೋ" ಅನ್ನುತ್ತಿದ್ದ. ಹೋಗಿ ನೋಡಿದರೆ ಎಮ್ಮೆ ಇರುತ್ತಿತ್ತು. ಬೇಸಗೆಯಲ್ಲಿ ಏರಿ ಒಣಗಿ ಬಿರಿದರೆ ಅವನ ಹಿಮ್ಮಡಿ ಒಡೆಯುತ್ತಿತ್ತು, ಚಿಕ್ಕಮ್ಮ ಬಿಸಿ ಎಣ್ಣೆ ಹಚ್ಚಿ ತಿಕ್ಕುವಳು, ಅಲ್ಲಿ ಏರಿಯ ಬಿರುಕು ತುಂಬಲು ನಾನು ಮಣ್ಣು ಹೊರುತ್ತಿದ್ದೆ. ಏರಿ ಜಿನುಗಿದರೆ ಅವನ ಬಲ ಅಂಗೈ ಒದ್ದೆಯಾಗುತ್ತಿತ್ತು. ಆದ್ದರಿಂದ ಭಟ್ಟಿ ಬೀದಿಯ ಪರವಾಗಿ ಜೈಬುನ್ನಮ್ಮ ದಿನಾ ಬೆಳಗ್ಗೆ ಅಂಗಡಿಗೆ ಬಂದು ಆ ಅಂಗೈ ಮುಟ್ಟಿ ಹೋಗುವಳು. ಒಣಗಿದ್ದರೆ ಒಳ್ಳೆಯದು. ತಿಳಿನೀರು ಹತ್ತಿದರೆ ಹೆದರಬೇಕಾಗಿಲ್ಲ, ಎಲ್ಲ ಏರಿಗಳೂ ಒಂದಿಷ್ಟು ಬೆವರುತ್ತವೆ. ಕೆಸರು ಹತ್ತಿದರೆ ಮಾತ್ರ ಒಳಗಿನ ಮಣ್ಣು ಕರಗಿ ಹೋಗುತ್ತಿದೆ ಎಂದು ಅರ್ಥ. ತೂಬಿನ ಗೂಟವೂ ಹಾಗೆಯೇ, ಒಡೆಯನ ಕೈಗಲ್ಲದೆ ಬೇರೆಯವರ ಕೈಗೆ ಏಳುತ್ತಿರಲಿಲ್ಲ.

ಬಾಯಿ ತಪ್ಪಿ ನಂದು ಅಂದರೆ ಏರಿ ಮೈಗೆ ಬರುತ್ತದೆಂಬ ಭಯಕ್ಕೆ ಕಟ್ಟೆಯ ಹತ್ತಿರ ಮಾತಾಡುವುದೇ ಬೇರೆ ಥರ ಇತ್ತು. ಚಪ್ಪಲಿ ಕಳೆದರೆ ಯಾರೂ "ಇದು ಯಾರದು" ಅನ್ನುವಂತಿರಲಿಲ್ಲ. ಎತ್ತಿ ಹಿಡಿದು "ಈ ಚಪ್ಲಿ ಕಾಲು ಎಲ್ಲೈತ್ರೋ" ಎಂದು ಕೂಗುವರು. ಟವೆಲಿಗೆ ಕಿತ್ತಾಡುವ ಹುಡುಗರು "ಅದು ನಾನ್ ತಂದಿದ್ದು", "ಅಲ್ಲ, ನಮ್ಮವ್ವ ಒಗೆದಿದ್ದು" ಎಂದು ಸುತ್ತು ಬಳಸಿ ಜಗಳವಾಡುವರು. ಹೊರಗಿನಿಂದ ಬಂದ ಸೊಸೆಯೊಬ್ಬಳು ಸೋಪಿನ ಡಬ್ಬಿಯ ವಿಷಯಕ್ಕೆ "ನಂ" ಎನ್ನುವಷ್ಟರಲ್ಲಿ ಅವಳ ಅತ್ತೆ ಬಾಯಿ ಮುಚ್ಚಲು ಹೋಗಿ ಇಬ್ಬರೂ ನೀರಿಗೆ ಬಿದ್ದಿದ್ದರು. ಆಮೇಲೆ ಅತ್ತೆ ಸೊಸೆ ಚೆನ್ನಾಗಿದ್ದರು ಅನ್ನಿ. ಕೂಡಿ ನೀರು ಕುಡಿದವರು.

ಭಾನುವಾರಗಳನ್ನು ಹೇಗೆ ಹೇಳಲಿ. ಲಾರಿ ಟ್ಯೂಬುಗಳಿಗೆ ಗಾಳಿ ತುಂಬುವುದು ನನ್ನ ಕೆಲಸ. ಕರ್ರಗೆ ಉಬ್ಬಿದ ಟ್ಯೂಬುಗಳನ್ನು ತಲೆಗೆ, ಕೊರಳಿಗೆ, ಎರಡೂ ತೋಳಿಗೆ ಹಾಕಿಕೊಂಡು ಏರಿ ಹತ್ತಿದರೆ ಆ ಕಡೆ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಭಟ್ಟಿ ಬೀದಿಯಿಂದ ಮಂಡಕ್ಕಿ ಅರಳುವ ವಾಸನೆ ಹೊಗೆಯ ಜೊತೆ ಮೇಲೆ ಬಂದು ನೀರಿನ ಮೇಲೆ ಹರಡಿಕೊಳ್ಳುವುದು. ಈಜಿ ಹಸಿದವರು ಹುರಿದ ಕಾಳು, ಈರುಳ್ಳಿ ಬೆರೆಸಿದ ಮಂಡಕ್ಕಿಯನ್ನು ಒದ್ದೆ ಕೈಯಲ್ಲೇ ತಿನ್ನುವರು. ರುದ್ರಮುನಿಯಂಥ ರುದ್ರಮುನಿ ಗಿರಣಿಯ ಹಿಟ್ಟು ಮೆತ್ತಿದ ಮೈಯಲ್ಲಿ ಬಂದು ಧುಮುಕಿ, ಬೆಳ್ಳಗಿದ್ದವನು ಕರ್ರಗಾಗಿ ಎದ್ದು ಬರುವನು. ಅಷ್ಟು ಹೊತ್ತೂ ಚಿಕ್ಕಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಬ್ಬನೇ ಕಿಲಕಿಲ ನಗುತ್ತಿದ್ದ. ಮಕ್ಕಳು ನೀರಿಗೆ ಹಾರಿದಾಗಲೆಲ್ಲ ಅವನ ಹೊಟ್ಟೆಯಲ್ಲಿ ಕಚಗುಳಿ. ಬ್ರೇಕು ಕಟ್ಟಿಸಲು ಬಂದ ಗಿರಾಕಿಗಳು ಅವನು ನಗುವುದು ಮುಗಿಯಲಿ ಎಂದು ಕಾಯುತ್ತಿದ್ದರು. ನನಗೆ ಆಗ ಅನ್ನಿಸುತ್ತಿತ್ತು, ಊರಲ್ಲಿ ಇವನಷ್ಟು ಸಾಹುಕಾರ ಯಾರೂ ಇಲ್ಲ ಎಂದು.

ಕೊನೆಯ ವರ್ಷ ಅವನ ಮೈ ಸೋತಿತು, ಅಂಗಡಿವರೆಗೆ ಬರುವುದೇ ಕಷ್ಟವಾಯಿತು. ಆ ಹೊತ್ತಿನಲ್ಲೇ ರುದ್ರಮುನಿ ಮತ್ತು ಅವನ ಗುಂಪಿನವರಿಗೆ ಎತ್ತರದಿಂದ ಹಾರುವ ಹುಚ್ಚು ಹತ್ತಿತು. ಹಾರಲು ಆಳ ಸಾಲದು ಎಂದು ಕೋಡಿಗೆ ಅಡ್ಡ ಕಲ್ಲು ಜೋಡಿಸಿ ಸಿಮೆಂಟು ಮೆತ್ತಿದರು. ನೀರು ಏರಿಯ ನೆತ್ತಿಯ ಹತ್ತಿರಕ್ಕೆ ಬಂತು. ಕುಂಟುತ್ತಾ ಹೋಗಿ ಚಿಕ್ಕಪ್ಪ ಕೇಳಿದ್ದಕ್ಕೆ, "ಕಾಯೋನು ನೀನು, ಹಾರೋರು ನಾವು, ಓಬಳಣ್ಣಾ" ಎಂದು ನಗಾಡಿದರು. ಅವನು ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ಯಾವುದೋ ಮಗು ಹಾರಿತು, ಚಿಕ್ಕಪ್ಪನಿಗೆ ನಗು ಬಂದುಬಿಟ್ಟಿತು. ಆ ನಗುವನ್ನು ಅವರು ಒಪ್ಪಿಗೆ ಅಂದುಕೊಂಡರು.

ತಿಥಿಯ ದಿನ ಬಕೀಟು ಕೆಳಗಿಟ್ಟು ನಾನು ಜೈಬುನ್ನಮ್ಮನ ಕಡೆ ತಿರುಗಿದೆ. ರುದ್ರಮುನಿಯ ಮುಖ ನೋಡಿದ್ದರೆ ಬೇರೆ ಏನಾದರೂ ಆಗುತ್ತಿತ್ತು. "ನಂದು" ಅಂದೆ. ಮೈ ಉರಿಯುತ್ತಿತ್ತು, ಅವನಿಗೆ ಹೊಡೆದ ಹಾಗೆ ಅಂದೆ. ಅಂದ ಕೂಡಲೆ ಬೆನ್ನಿನ ಮೇಲೆ ಏನೋ ಸಣ್ಣ ಸಣ್ಣ ಕಾಲುಗಳು ಓಡಾಡಿದವು. ಏರಿಯ ಮೇಲೆ ಮೇಕೆಗಳಿದ್ದವು ಅನ್ನಿಸುತ್ತದೆ. ಪಂಕ್ತಿಯಲ್ಲಿ ಎಲ್ಲರಿಗೂ ಒಮ್ಮೆಗೇ ಹಸಿವು ಬಂತು, ಇನ್ನೂ ಸ್ವಲ್ಪ ಸಾರು ಹಾಕೋ ಎಂದರು. ಅಡಿಗೆಮನೆಯಿಂದ ಚಿಕ್ಕಮ್ಮ ಬಂದು ನನ್ನ ಬಲಗೈ ಹಿಡಿದುಕೊಂಡಳು. ಒಣಗಿದೆಯಾ ಒದ್ದೆಯಾ ಎಂದು ನೋಡಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

ಅದಾದ ಭಾನುವಾರ ನಾನು ಅಂಗಡಿಯಲ್ಲಿ ಪಂಕ್ಚರು ಹಾಕುತ್ತಿದ್ದೆ. ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುತ್ತಿದ್ದವನಿಗೆ ಹೊಟ್ಟೆಯಲ್ಲಿ ಏನೋ ಛಳಕ್ ಎಂದಿತು. ಮತ್ತೊಂದು. ಆಮೇಲೆ ಸಾಲಾಗಿ. ಅಲ್ಲಿ ಮಕ್ಕಳು ಹಾರುತ್ತಿದ್ದರು. ನಗುವುದು ನನಗೆ ಅಷ್ಟಾಗಿ ಬರುವುದಿಲ್ಲ, ನನ್ನನ್ನು ಬಲ್ಲವರನ್ನು ಕೇಳಿ. ಆ ದಿನ ತಡೆಯಲು ಆಗಲಿಲ್ಲ. ಟ್ಯೂಬು ಹಿಡಿದುಕೊಂಡೇ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಯಾರಾದರೂ ನನ್ನನ್ನು ಅಷ್ಟು ಮುದ್ದಾಗಿ ಮುಟ್ಟಿದ್ದರೆ ಅದು ತೀರಾ ಚಿಕ್ಕವನಿದ್ದಾಗ ಇರಬೇಕು. ಗಿರಾಕಿಗಳು ಕಾಯುತ್ತಾ ನಿಂತಿದ್ದರು. ಊರಿನವರ ಸಂತೋಷವೆಲ್ಲ ನನ್ನ ಹೊಟ್ಟೆಯೊಳಗಿಂದ ಹಾದು ಹೋಗುತ್ತಿತ್ತು. ಏರಿ ಕೊಡುವುದನ್ನು ಮಾತ್ರ ಊರಿನಲ್ಲಿ ಯಾರೂ ಹೇಳಿರಲಿಲ್ಲ, ಬೇಡುವುದನ್ನಷ್ಟೇ ಹೇಳಿದ್ದರು.

ಮಳೆಗಾಲ ಹಿಡಿಯಿತು. ಮೊದಲು ಅಂಗೈಯಲ್ಲಿ ತಿಳಿನೀರು. ಆಮೇಲೆ ಒಂದು ಬೆಳಗ್ಗೆ ಸ್ಪ್ಯಾನರು ಜಾರಿ ಬಿತ್ತು, ನೋಡಿದರೆ ಕೆಂಪು ಕೆಸರು. ಒರೆಸಿಕೊಂಡೆ, ಮತ್ತೆ ಬಂತು. ಅಷ್ಟರಲ್ಲಿ ಜೈಬುನ್ನಮ್ಮ ಬಂದಳು. ಮುಟ್ಟಿದಳು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡಳು. ಕಿರುಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಅವಳು ಗಿರಾಕಿಗಳ ಬೆಂಚಿನ ಮೇಲೆ ಕೂತಳು.

"ನಿಮ್ಮ ಚಿಕ್ಕಪ್ಪನ ಕೈ ಕೊನೇ ವರ್ಷ ಸೋಪು ವಾಸ್ನೆ ಬರ್ತಿತ್ತು ಕಣಪ್ಪ" ಅಂದಳು. "ಗ್ರೀಸು ಹಿಡಿಯೋ ಕೈ, ಬೆಳ್‌ಬೆಳಗ್ಗೆ ಸೋಪು ವಾಸ್ನೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಅವಳ ಮೇಲೆಯೇ ರೇಗಿದೆ. ಗೊತ್ತಿದ್ದೂ ಕೆಳಗೆ ಮಲಗುತ್ತಿದ್ದೆಯಾ, ಮಕ್ಕಳನ್ನು ಮಲಗಿಸುತ್ತಿದ್ದೆಯಾ ಎಂದೆ.

"ನನ್ನ ಮೊಮ್ಮಕ್ಳು ಈಜು ಕಲ್ತಿದ್ದು ಎಲ್ಲಿ? ಅವನು ಕೆಸರು ತೊಳಕೊಂಡು ಕೈ ಕೊಡ್ತಿದ್ದ, ನಾನು ಮುಟ್ಟಿ ಹೋಗ್ತಿದ್ದೆ. ಇವತ್ತೊಂದಿನ ಇರ್ಲಿ, ನಾಳೆ ಕೇಳಾನ ಅಂತ. ಅವನೂ ಹಂಗೇ ಅಂದ್ಕೊಂಡಿದ್ದ ಕಾಣ್ತೈತೆ." ಸೆರಗಿಗೆ ಬೆರಳು ಒರೆಸಿಕೊಂಡು ಎದ್ದಳು. "ನೀನು ತೊಳೀಲಿಲ್ಲ. ಹಂಗಾಗಿ ನಾನೀಗ ಸುಮ್ನಿರಕ್ಕಾಗಲ್ಲ. ಏನು ಮಾಡ್ತೀಯ ನೋಡು."

ನಾನು ಗಿರಣಿಗೆ ಹೋದೆ. ಕೋಡಿಯ ಕಲ್ಲು ತೆಗೆಯಬೇಕು, ಈ ಮಳೆಗಾಲ ಯಾರೂ ಇಳಿಯಬಾರದು, ಅರ್ಧ ನೀರು ಬಿಟ್ಟು ಏರಿಯನ್ನು ಅಗೆದು ಮತ್ತೆ ತುಳಿಸಬೇಕು, ಮಣ್ಣು ಹೊರಲು ಎಲ್ಲರೂ ಬರಬೇಕು ಎಂದೆ. ಅಂಗೈ ತೋರಿಸಿದೆ. ಬೆಲ್ಟಿನ ಸದ್ದಿನ ನಡುವೆ ರುದ್ರಮುನಿ ಬಗ್ಗಿ ನೋಡಿ, ಸೈಕಲ್ ಶಾಪಿನವನ ಕೈ ಇನ್ನೇನು ಬೆಣ್ಣೆಯಂಗೆ ಇರುತ್ತಾ ಎಂದ. ಒಡೆಯ ಆದ ಮೇಲೆ ಹುಡುಗನ ಜೋರು ನೋಡ್ರಪ್ಪ ಎಂದು ಹಿಟ್ಟು ಬೀಸಿಸಲು ಬಂದವರಿಗೆ ಹೇಳಿದ. ಅವರಲ್ಲಿ ಒಬ್ಬ, ಭಾನುವಾರ ನೆಂಟರು ಬರ್ತಾರೆ, ಸೋಮವಾರ ನೋಡಿದರೆ ಆಗದಾ ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೋಡಿಗೆ ಹೋಗಿ ನಾನೇ ಹಾರೆ ಹಾಕಿ ಕಲ್ಲು ಕಿತ್ತೆ. ಸಂಜೆ ಹೊತ್ತಿಗೆ ಕಲ್ಲುಗಳು ಮತ್ತೆ ಅದೇ ಜಾಗದಲ್ಲಿದ್ದವು, ಸಂದಿಗೆ ಹೊಸ ಸಿಮೆಂಟು.

ಮಾರನೆಯ ಬೆಳಗ್ಗೆ ಕೈ ಮೊಣಕೈವರೆಗೆ ಕೆಸರಾಗಿತ್ತು. ಅಂಗಡಿಯ ಹಿಂದೆ ನಲ್ಲಿಯ ಹತ್ತಿರ ತೆಂಗಿನ ಚಿಪ್ಪಿನಲ್ಲಿ ಚಿಕ್ಕಪ್ಪನ ಸೋಪು ಹಾಗೇ ಇತ್ತು, ಸವೆದು ಬೆರಳಿನಷ್ಟಾಗಿತ್ತು. ಅದು ಯಾಕೆ ಅಷ್ಟು ಸವೆದಿದೆ ಎಂದು ಈಗ ಗೊತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಆಗಲಿಲ್ಲ. ಆ ಕಚಗುಳಿ ನನಗೂ ಗೊತ್ತಾಗಿತ್ತಲ್ಲ. ಅದಿಲ್ಲದೆ ನಾನು ಯಾರು? ಅರ್ಧ ಮೀಸೆಯವನು. ಇನ್ನೊಂದು ಭಾನುವಾರ, ಆಮೇಲೆ ನೋಡೋಣ ಎಂದು ಮನಸ್ಸು ಹೇಳುತ್ತಲೇ ಇತ್ತು. ಆ ಮಾತನ್ನು ಹಿಂದಿನ ದಿನವಷ್ಟೇ ಜೈಬುನ್ನಮ್ಮನ ಬಾಯಲ್ಲಿ ಕೇಳಿದ್ದೆ. ಕೈ ಹಾಗೇ ಇಟ್ಟುಕೊಂಡು ಏರಿಯ ಕಡೆ ನಡೆದೆ.

ಮುಳುಗಿ ಹೋಗಿ ತೂಬಿನ ಗೂಟ ಹಿಡಿದೆ. ಹಟವಿಲ್ಲದೆ ಎದ್ದು ಬಂತು, ಮಲಗಿದ ಮಗು ಕೈಗೆ ಬರುವ ಹಾಗೆ. ನೀರು ಹಳ್ಳದ ಪಾತ್ರದಲ್ಲಿ ತಗ್ಗಿನಲ್ಲೇ, ಭಟ್ಟಿ ಬೀದಿಯ ಹಿಂಬದಿಯಿಂದ ಸಣ್ಣಗೆ ಹರಿದುಕೊಂಡು ಹೋಯಿತು. ಯಾರ ಹೊಸಿಲೂ ಒದ್ದೆಯಾಗಲಿಲ್ಲ. ಬೀದಿಯವರು ಭಟ್ಟಿ ಆರಿಸಿ, ಮಂಡಕ್ಕಿ ಎಳೆಯುವ ಉದ್ದ ಹಿಡಿಕೆಯ ಗೋರುಗಳನ್ನು ಹಿಡಿದು ನೀರಿನ ದಾರಿಗೆ ಸಿಕ್ಕ ಕಸವನ್ನು ತಳ್ಳುತ್ತಾ ನಿಂತರು. ನೀರು ಇಳಿದಂತೆಲ್ಲ ಏರಿಯ ಒಳಮೈ ಕಂಡಿತು. ಏಡಿ ಕೊರೆದ ಬಿಲಗಳು ಒಳಗೊಳಗೇ ಕೂಡಿಕೊಂಡು, ನನ್ನ ತೋಳು ಹೋಗುವಷ್ಟು ದೊಡ್ಡ ದಾರಿಯಾಗಿತ್ತು. ಅದನ್ನು ನೋಡಿದ ಜೈಬುನ್ನಮ್ಮ ಏರಿಯ ಮೇಲೆ ಆಡುತ್ತಿದ್ದ ಮೊಮ್ಮಗನ ರಟ್ಟೆ ಹಿಡಿದು ಕೆಳಕ್ಕೆ ಎಳೆದುಕೊಂಡಳು.

ತಳ ಕಂಡ ದಿನ ನಾನು ಏರಿಗೆ ಗುದ್ದಲಿ ಹಾಕಿದೆ. ಮತ್ತೆ ಮಳೆ ಬಂದು ತುಂಬಿದರೆ ಅದೇ ಕಥೆ. ಒಂದೊಂದು ಏಟಿಗೂ ಪಕ್ಕೆಯಲ್ಲಿ ಹೊಲಿಗೆ ಬಿಚ್ಚಿದ ಹಾಗಾಗುತ್ತಿತ್ತು. ಊರು ಆಗ ಬಂತು. ಕೆಸರಿನಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳನ್ನು ಕೆಲವರು ಬುಟ್ಟಿಗೆ ತುಂಬಿಕೊಂಡರು, ಉಳಿದವರು ನನ್ನನ್ನು ಬೈದರು. ನಮ್ಮ ಕಟ್ಟೆ ಹಾಳು ಮಾಡಿದ, ನಮ್ಮ ಮಕ್ಕಳ ಕಟ್ಟೆ, ನಮ್ಮೂರಿನ ಕಟ್ಟೆ, ನಮ್ದನ್ನು ಮುಟ್ಟಲು ಇವನು ಯಾರು. ರುದ್ರಮುನಿ ಅತ್ತ. ಸುಳ್ಳು ಅಳುವಲ್ಲ, ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಗೆರೆ ಬೀಳುವ ಹಾಗೆ ಅತ್ತ. ನಾನು ಬಾಲ್ಯದಿಂದ ಆ ಏರಿಯ ಮೇಲೆ ಬೆಳೆದವನು. ಅಲ್ಲಿ ಒಬ್ಬರ ಬಾಯಲ್ಲಾದರೂ ನಮ್ದು ಎಂಬ ಮಾತು ಕೇಳಿದ್ದು ಅದೇ ಮೊದಲು. ಒಬ್ಬೊಬ್ಬರೂ ಎದೆ ಬಡಿದುಕೊಂಡು ನಮ್ದು ನಮ್ದು ಎನ್ನುತ್ತಿದ್ದರು, ಯಾರ ಅಂಗೈಯೂ ಒದ್ದೆಯಾಗುತ್ತಿರಲಿಲ್ಲ.

ಈಗ ಅಲ್ಲಿ ಹಳ್ಳ ಮಾತ್ರ ಇದೆ. ಎರಡೂ ದಡದಲ್ಲಿ ಏರಿಯ ತುಂಡುಗಳು ಹುಲ್ಲು ಬೆಳೆದು ನಿಂತಿವೆ. ಲಾರಿ ಟ್ಯೂಬುಗಳು ಅಂಗಡಿಯ ಅಟ್ಟದ ಮೇಲೆ ಮಡಚಿ ಬಿದ್ದಿವೆ, ಮಾರಿಲ್ಲ. ಭಾನುವಾರ ಮಧ್ಯಾಹ್ನ ಊರು ಎಷ್ಟು ಸುಮ್ಮನಿರುತ್ತದೆ ಎಂದರೆ ನೊಣ ಕೂತದ್ದು ಕೇಳಿಸುತ್ತದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂರುತ್ತೇನೆ. ಏನೂ ಆಗುವುದಿಲ್ಲ. ಈಜು ಬರುವ ಕೊನೆಯ ಮಕ್ಕಳು ನಮ್ಮ ಬೀದಿಯಲ್ಲಿ ದೊಡ್ಡವರಾಗುತ್ತಿದ್ದಾರೆ, ಅವರ ತಮ್ಮ ತಂಗಿಯರು ಮರಳಲ್ಲಿ ಕೈ ಬಡಿಯುತ್ತಾರೆ.

ಮೊನ್ನೆ ಟೀ ಅಂಗಡಿಯಲ್ಲಿ ಎಲ್ಲರೂ ಇದ್ದರು. ನಾನು ಗ್ಲಾಸು ಹಿಡಿದು ಬಾಗಿಲ ಕಂಬಕ್ಕೆ ಒರಗಿದ್ದೆ. ರುದ್ರಮುನಿ ಬೆಂಚಿನಲ್ಲಿ ಜಾಗ ಮಾಡಿ, ಬಾರೋ ಕೂತ್ಕೋ ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದ. ಮೇಲಿನ ಹಳ್ಳಕ್ಕೆ ಹೊಸದೊಂದು ಕಟ್ಟೋಣ, ಈ ಸಲ ಕೋಡಿ ಅಗಲವಾಗಿ ಬಿಡೋಣ, ಕಲ್ಲು ಗಿಲ್ಲು ಯಾರೂ ಇಡಬಾರದು, ಇಟ್ಟವನ ಕೈ ಮುರಿಯೋಣ ಎಂದ. ಸುತ್ತಲಿನವರ ಮುಖಗಳು ಅರಳಿದವು. ಮಕ್ಕಳಿಗೋಸ್ಕರ ಎಂದ ಒಬ್ಬ. ಓಬಳಪ್ಪನ ಹೆಸರೇ ಇಡೋಣ ಎಂದ ಇನ್ನೊಬ್ಬ.

"ಮಣ್ಣು ನಂದು" ಎಂದ ರುದ್ರಮುನಿ, ಬೆರಳು ಮಡಚುತ್ತಾ. "ಟ್ರ್ಯಾಕ್ಟ್ರು ನಂದು. ಆಳುಗಳ ಊಟ ನಂದು." ಅಷ್ಟಾದ ಮೇಲೆ ದನಿ ತಗ್ಗಿತು. ಎಲ್ಲರೂ ಗ್ಲಾಸಿನೊಳಗೆ ನೋಡತೊಡಗಿದರು. "ಏರಿ ಯಾರದಪ್ಪಾ, ತಿಪ್ಪೇಶಿ?"

ಬೈಯಬಹುದಿತ್ತು. ಬೈಗುಳ ನನ್ನ ಹತ್ತಿರ ಬೇಕಾದಷ್ಟಿವೆ. ನಾಲಿಗೆಯ ತುದಿಗೆ ಬಂದು ನಿಂತದ್ದು ಬೈಗುಳವಾಗಿರಲಿಲ್ಲ, ತಿಥಿಯ ದಿನ ಅಂದ ಅದೇ ಎರಡಕ್ಷರ. ಬಾಯಿ ತೆರೆದಿದ್ದರೆ ಅದೇ ಹೊರಗೆ ಬೀಳುತ್ತಿತ್ತು, ಊರೆಲ್ಲ ನಿಟ್ಟುಸಿರು ಬಿಟ್ಟು ಇನ್ನೊಂದೊಂದು ಟೀ ಹೇಳುತ್ತಿತ್ತು. ಹಲ್ಲು ಕಚ್ಚಿ ಹಿಡಿದು, ಗ್ಲಾಸನ್ನು ಬೆಂಚಿನ ಮೇಲಿಟ್ಟು, ಇಳಿಜಾರಿನ ಕಡೆ ನಡೆಯತೊಡಗಿದೆ. ಹಿಂದಿನಿಂದ ಅವನು ಮತ್ತೊಮ್ಮೆ ಕೇಳಿದ. ಭಟ್ಟಿ ಬೀದಿ ಮುಗಿಯುವವರೆಗೂ ನಾನು ಬಾಯಿ ತೆರೆಯಲಿಲ್ಲ.